ಬೆಲ್ಲದ ಪಾಕದ ನೆತ್ತರು

ಬೆಲ್ಲದ ಪಾಕ ಕುದಿಯುವ ವಾಸನೆ ಬಂದರೆ ನಿಮಗೆಲ್ಲ ಹಬ್ಬ ನೆನಪಾಗುತ್ತದೆ. ನನಗೆ ಕೊಲೆ ನೆನಪಾಗುತ್ತದೆ. ಅದಕ್ಕೊಂದು ಚಿಟಿಕೆ ಏಲಕ್ಕಿ ಬಿದ್ದರಂತೂ ಮುಗಿದೇ ಹೋಯಿತು, ಮಚ್ಚು ಹಿಡಿದ ನಾಲ್ಕು ಜನ ಕಣ್ಣ ಮುಂದೆ ಓಡಿ ಬರುತ್ತಾರೆ. ಗಾಬರಿಯಾಗಬೇಡಿ, ನಮ್ಮದು ಅಂಥ ಮನೆತನವಲ್ಲ. ನಮ್ಮ ಮನೆಯಲ್ಲಿ ಒಂದು ಕೋಳಿ ಕುಯ್ಯಬೇಕಾದರೂ ಪಕ್ಕದ ಬೀದಿಯಿಂದ ಯಾರನ್ನಾದರೂ ಕರೆಯಬೇಕು.

ಮೊನ್ನೆ ಹಿರಿಯರ ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮೂರು ದೊಡ್ಡಬಳ್ಳಾಪುರದ ಕಡೆಯ ಮಧುರೆಗೆ ಹತ್ತಿರ, ನಾನಿರುವುದು ನೆಲಮಂಗಲದಲ್ಲಿ, ಕೆಲಸ ಸೋಂಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ. ರಜೆ ಕೇಳಿದಾಗ ನಮ್ಮ ಮ್ಯಾನೇಜರು, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, "ಮೇಡಂ, ಗಣೇಶನ ಹಬ್ಬಕ್ಕೆ ತಗೊಂಡ್ರಲ್ಲ, ಮತ್ತೆ ಯಾವ ಹಬ್ಬ?" ಅಂದ. "ಅದು ದೇವರ ಹಬ್ಬ ಕಣಪ್ಪಾ, ಇದು ಸತ್ತೋರ ಹಬ್ಬ" ಎಂದೆ. ತಕ್ಷಣ ಸಹಿ ಹಾಕಿದ. ಚಿಕ್ಕಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಇದು. ಅವನ ಹೆಸರಿಗೆ ಮೊದಲ ಎಡೆ.

ನಾನು ಹೋಗುವಷ್ಟರಲ್ಲಿ ಚಿಕ್ಕಮ್ಮ ಕಜ್ಜಾಯಕ್ಕೆ ಪಾಕ ಇಟ್ಟಿದ್ದಳು. ನಮ್ಮ ಕಡೆ ಎಡೆಗೆ ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಇಡಬೇಕು. ಬೀಡಿ ಸೇದುತ್ತಿದ್ದವರಿಗೆ ಬೀಡಿ ಕಟ್ಟು, ಒಂದೊಂದು ಮನೆಯಲ್ಲಿ ಅರ್ಧ ಬಾಟಲಿ ಕೂಡ. ನಮ್ಮ ಚಿಕ್ಕಪ್ಪನಿಗೆ ಬೀಡಿ ಕಟ್ಟಿನ ಜೊತೆ ಕಜ್ಜಾಯ, ನಾಟಿ ಕೋಳಿ ಸಾರು, ಮುದ್ದೆ, ಹೊಸ ಪಂಚೆ. ಚಿಕ್ಕಮ್ಮ ನೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಒಲೆ ಆರಿಸಿ, ನನ್ನ ಕಡೆ ತಿರುಗದೆಯೇ ಕೇಳಿದಳು.

"ಲೇ, ಆ ಪಿಚ್ಚರು ನಿನ್ ಫೋನಲ್ಲಿ ಬರ್ತದಾ?"

"ಯಾವ ಪಿಚ್ಚರು?"

"ಇನ್ಯಾವ್ದು? ನಿಮ್ ಚಿಕ್ಕಪ್ಪಂದು."

"ಬರ್ತದೆ ಚಿಕ್ಕಮ್ಮ. ಯಾಕೆ?"

ಆಗ ತಿರುಗಿದಳು. "ಈಗ ನಾನು ನೋಡಬಹುದಲ್ವಾ?"

ಆ ಮಾತು ನನ್ನನ್ನು ಯಾಕೆ ನಿಂತಲ್ಲೇ ಕಟ್ಟಿಹಾಕಿತು ಅನ್ನುವುದು ನಿಮಗೆ ತಿಳಿಯಬೇಕಾದರೆ ಆ ಸಿನಿಮಾದ ಕಥೆ ಹೇಳಬೇಕು. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ನೋಡುತ್ತೀರಿ, ನೋಡಿದ ಮೇಲೆ ನನ್ನನ್ನು ಬೈಯುತ್ತೀರಿ. ಆ ಕಾಲದಲ್ಲಿ ಸೇಡು, ರಕ್ತ, ಹುಲಿ, ಸಿಂಹ ಈ ನಾಲ್ಕು ಮಾತಿಲ್ಲದೆ ಸಿನಿಮಾಕ್ಕೆ ಹೆಸರೇ ಇಡುತ್ತಿರಲಿಲ್ಲ. ಅದರಲ್ಲಿ ಎರಡನ್ನು ಆರಿಸಿಕೊಳ್ಳಿ, ಸರಿಹೋಗುತ್ತದೆ.

ಕಥೆಯೂ ಅಷ್ಟೇ. ಒಬ್ಬ ಒಳ್ಳೆಯ ಅಣ್ಣ, ಹೊಲ ಉತ್ತು ತಮ್ಮನನ್ನು ಪಟ್ಟಣದಲ್ಲಿ ಓದಿಸುತ್ತಿರುತ್ತಾನೆ. ಹೊಲದ ಮೇಲೆ ಊರಗೌಡನ ಕಣ್ಣು. ಅಣ್ಣನನ್ನು ಕೆರೆ ಏರಿಯ ಮೇಲೆ ಕೊಚ್ಚಿ ಕೊಲ್ಲಿಸುತ್ತಾನೆ. ತಮ್ಮ ಓದು ಬಿಟ್ಟು ಬಂದು, ಅಣ್ಣನ ಚಟ್ಟದ ಮುಂದೆ ಪ್ರತಿಜ್ಞೆ ಮಾಡಿ, ಒಬ್ಬೊಬ್ಬರನ್ನೇ ಮುಗಿಸುತ್ತಾನೆ. ಒಬ್ಬನನ್ನು ರಾಗಿ ಮೆಷಿನ್ನಿನ ಪಟ್ಟಿಗೆ ಸಿಕ್ಕಿಸಿ, ಒಬ್ಬನನ್ನು ಬಾವಿಗೆ ತಳ್ಳಿ, ಒಬ್ಬನನ್ನು ಹೋರಿಯ ಕೈಲಿ ತಿವಿಸಿ. ಆ ಒಳ್ಳೆಯ ಅಣ್ಣನೇ ನಮ್ಮ ಚಿಕ್ಕಪ್ಪ, ಮುನಿರಾಜು.

ಚಿಕ್ಕಪ್ಪ ನಟನಲ್ಲ, ಮೊದಲೇ ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಒಂದು ಶೆಡ್ಡಿನಲ್ಲಿ ಕೆಲಸ. ಸಂಜೆ ಬಸ್ಸಿಳಿದರೆ ಕೈ ನೋಡಿಯೇ ಇವತ್ತು ಯಾವ ಸೀರೆಗೆ ಬಣ್ಣ ಹಾಕಿದ ಅಂತ ಹೇಳಬಹುದಿತ್ತು. ಆಗ ನಾನು ಹೈಸ್ಕೂಲು, ಚಿಕ್ಕಮ್ಮ ಮದುವೆಯಾಗಿ ಬಂದು ಒಂದು ಯುಗಾದಿ ಕಳೆದಿತ್ತು ಅಷ್ಟೇ. ನಮ್ಮೂರ ಕೆರೆ ಏರಿ ಚೆನ್ನಾಗಿದೆಯೆಂದು ಶೂಟಿಂಗಿನವರು ಬಂದರು. ಅಣ್ಣನ ಪಾರ್ಟು ಮಾಡಬೇಕಾದವನು ಬೆಂಗಳೂರಿಂದ ಬರಲೇ ಇಲ್ಲ. ಡೈರೆಕ್ಟರು ತಲೆ ಮೇಲೆ ಕೈಹೊತ್ತು ಕೂತಿದ್ದಾಗ, ಜನದ ನಡುವೆ ಹಲ್ಲು ಬಿಟ್ಟುಕೊಂಡು ನಿಂತಿದ್ದ ನಮ್ಮ ಚಿಕ್ಕಪ್ಪನ ಮೀಸೆ ಅವರ ಕಣ್ಣಿಗೆ ಬಿತ್ತು. ಅವತ್ತು ಶೆಡ್ಡಿಗೆ ರಜೆ ಹಾಕಿದ್ದು ಹಣೆಬರಹ.

ಮಧ್ಯಾಹ್ನದ ಹೊತ್ತಿಗೆ ಅವರು ತಂದಿದ್ದ ರಕ್ತ ಖಾಲಿಯಾಯಿತು. ಹೀರೋ ಬೆಳಗ್ಗೆ ಮಾಡಿದ ಫೈಟಿನಲ್ಲೇ ಎಲ್ಲ ಸುರಿದುಬಿಟ್ಟಿದ್ದ. "ಕೆಂಪು ಬಣ್ಣಕ್ಕೆ ಯೋಚನೆ ಮಾಡ್ಬೇಡಿ ಸಾರ್, ನಮ್ಮನೇಲೈತೆ. ಗಟ್ಟಿ ಆಗಕ್ಕೆ ಬೆಲ್ಲದ ಪಾಕ ಮಾಡಿಸ್ತೀನಿ" ಎಂದು ಚಿಕ್ಕಪ್ಪ ಮನೆಗೆ ಓಡಿ ಬಂದ. ಓಡಿ ಬಂದವನು ಹೆಂಡತಿಗೆ ಹೇಳಿದ್ದು ಇಷ್ಟೇ. "ಸರೋಜಾ, ಬೇಗ ಪಾಕ ಇಡೇ, ಶೂಟಿಂಗ್‌ನೋರಿಗೆ." ಪಾಪ, ಚಿಕ್ಕಮ್ಮ ಪಾನಕಕ್ಕೆ ಅಂತ ತಿಳಿದಳು. ಬಂದ ನೆಂಟರಿಗೆ ಬರೀ ಬೆಲ್ಲ ಕೊಡುವುದುಂಟೆ? ನಾಲ್ಕು ಏಲಕ್ಕಿ ಜಜ್ಜಿ ಹಾಕಿದಳು. ಮಚ್ಚಿನ ಏಟು ಬಿದ್ದು ಚಿಕ್ಕಪ್ಪ ಏರಿಯ ಮೇಲೆ ಉರುಳಿದಾಗ ಇಡೀ ಕೆರೆ ಏರಿ ಹಬ್ಬದ ಮನೆಯ ಹಾಗೆ ಘಮಘಮ. ಮಚ್ಚು ಹಿಡಿದವನೊಬ್ಬ ಬೆರಳು ನೆಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊಲೆಯವರೆಗೆ ಎಲ್ಲ ನಗುನಗುತ್ತಾ ಆಯಿತು. ಆಮೇಲೆ ಚಟ್ಟ ಬಂತು. ಹಸಿ ಬಿದಿರು, ಬಿಳಿ ಬಟ್ಟೆ, ಹೂವಿನ ಹಾರ, ಮುಂದೆ ಬೆಂಕಿ ಮಡಕೆ. ಚಿಕ್ಕಪ್ಪನನ್ನು ಮಲಗಿಸಿ ಹಣೆಗೆ ಕಾಸು ಇಡುವಷ್ಟರಲ್ಲಿ ಯಾರೋ ಹೋಗಿ ಅಜ್ಜಿಗೆ ಊದಿದರು. ನಮ್ಮಜ್ಜಿ ಕೈಯಲ್ಲಿ ಹುಲ್ಲು ಕುಯ್ಯುವ ಕುಡುಗೋಲು ಹಿಡಿದೇ ಬಂದಳು. ಇಡೀ ಸಿನಿಮಾದಲ್ಲಿ ಅಷ್ಟು ಭಯಂಕರವಾಗಿ ಆಯುಧ ಹಿಡಿದವರು ಇನ್ನೊಬ್ಬರಿಲ್ಲ, ಆದರೆ ಕ್ಯಾಮೆರಾ ಅವಳ ಕಡೆ ತಿರುಗಿರಲಿಲ್ಲ.

"ಏನಪ್ಪಾ, ನಿನ್ನ ಹೆತ್ತೋಳು ಬದುಕಿದ್ದಾಳಾ?" ಎಂದು ಡೈರೆಕ್ಟರನ್ನು ಕೇಳಿದಳು.

"ಇದ್ದಾರಮ್ಮ."

"ಹೋಗಿ ಅವಳ ಮುಂದೆ ಮಲಕ್ಕೋ ಇಂಗೆ. ಅವಳೇನಂತಾಳೆ ಕೇಳ್ಕೊಂಡು ಬಾ. ಆಮ್ಯಾಕೆ ನನ್ ಮಗನ್ನ ಮಲಗಿಸೀಯಂತೆ."

ಡೈರೆಕ್ಟರು ಕಾಲಿಗೆ ಬಿದ್ದ. ಸಾವಿನ ಸೀನು ತೆಗೆದಾಗಿದೆ, ಚಟ್ಟ ಇಲ್ಲದಿದ್ದರೆ ಪ್ರತಿಜ್ಞೆ ಇಲ್ಲ, ಪ್ರತಿಜ್ಞೆ ಇಲ್ಲದಿದ್ದರೆ ಸಿನಿಮಾನೇ ಇಲ್ಲ ಎಂದು ಅತ್ತ. ಚಟ್ಟದ ಮೇಲಿಂದ ಹೆಣವೂ ಕೈಮುಗಿದು ಬೇಡಿಕೊಂಡಿತು. "ಅವ್ವಾ, ಒಂದೇ ಒಂದ್ ಸಲ ಕಣವ್ವಾ." ಅಜ್ಜಿ ಮಗನ ಮೈಮೇಲಿದ್ದ ಪಾಕ ನೋಡಿದಳು, ಮುಖ ನೋಡಿದಳು. ಕಾಲ ಹತ್ತಿರ ಒಬ್ಬ ದಾರ ಹಿಡಿದು ಕೂತಿದ್ದ. ನಿಮಗೆ ಗೊತ್ತಲ್ಲ, ಹೆಣದ ಕಾಲಿನ ಹೆಬ್ಬೆರಳೆರಡನ್ನೂ ಸೇರಿಸಿ ಕಟ್ಟುತ್ತಾರೆ. ಅಜ್ಜಿ ಆ ದಾರ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನಾದ್ರೂ ಮಾಡ್ಕೊಳ್ರಿ. ಬೆರಳು ಮಾತ್ರ ಕಟ್ಟೋ ಹಂಗಿಲ್ಲ. ಬೆರಳು ಬಿಚ್ಚಿರೋವರ್ಗೂ ಅವನು ನನ್ ಮಗ."

ಅಲ್ಲಿಗೆ ಒಪ್ಪಂದವಾಯಿತು. ಕಾಲ ಮೇಲೆ ಮೆತ್ತಿದ್ದ ಬೆಲ್ಲಕ್ಕೆ ಅಷ್ಟರಲ್ಲಿ ಇರುವೆ ಮುತ್ತಿದ್ದವು. ಹೀರೋ ಆಕಾಶಕ್ಕೆ ಕೈಯೆತ್ತಿ ಪ್ರತಿಜ್ಞೆ ಶುರುಮಾಡಿದಾಗ ಒಂದು ಇರುವೆ ಸರಿಯಾಗಿ ಕಚ್ಚಿ, ಚಿಕ್ಕಪ್ಪನ ಬಲಗಾಲಿನ ಹೆಬ್ಬೆರಳು ಎರಡು ಸಲ ಆಡಿತು. ಯಾರೂ ಗಮನಿಸಲಿಲ್ಲ. ಅದೇ ಶಾಟು ಸಿನಿಮಾದಲ್ಲಿ ಉಳಿಯಿತು.

ಮನೆಗೆ ಬಂದ ಮಗನನ್ನು ಅಜ್ಜಿ ಮುಂಬಾಗಿಲಿಂದ ಸೇರಿಸಲಿಲ್ಲ. ಹಿತ್ತಲಲ್ಲಿ ಅರಿಶಿನದ ನೀರು ಹುಯ್ದು, ಹಿಂಬಾಗಿಲಿಂದ ಒಳಗೆ ಕರೆದಳು. ಆಮೇಲೆ ಸೊಸೆಯನ್ನು ದೇವರ ಮುಂದೆ ನಿಲ್ಲಿಸಿ, ಅರಿಶಿನ ಕುಂಕುಮ ಮುಟ್ಟಿಸಿ ಆಣೆ ಹಾಕಿಸಿದಳು. ಕೊರಳಲ್ಲಿ ತಾಳಿ ಇರುವ ಹೆಂಗಸು ಗಂಡನನ್ನು ಚಟ್ಟದ ಮೇಲೆ ನೋಡಬಾರದು. ನಿಜದಲ್ಲೂ ಇಲ್ಲ, ಪಿಚ್ಚರಲ್ಲೂ ಇಲ್ಲ. "ಇಲ್ಲ ಅತ್ತೆ, ನೋಡಲ್ಲ" ಅಂದಳು ಚಿಕ್ಕಮ್ಮ. ಅವಳಿಗೆ ಆಗ ಇಪ್ಪತ್ತೂ ಆಗಿರಲಿಲ್ಲ, ತಾನು ಕೈಯಾರೆ ಕಾಸಿದ ಪಾಕವೇ ಗಂಡನ ಮೈಮೇಲೆ ಹರಿದಿದ್ದು ಅಂತ ತಿಳಿದು ಮೊದಲೇ ನಡುಗುತ್ತಿದ್ದಳು.

ಸಿನಿಮಾ ಮಧುರೆಯ ಟೆಂಟಿಗೆ ಬಂತು. ಊರಿಗೆ ಊರೇ ಹೋಯಿತು, ನಾನೂ ಚಿಕ್ಕಪ್ಪನ ಜೊತೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ತೆರೆಯ ಮೇಲೆ ತಾನು ಸಾಯುವಾಗ ಪಕ್ಕದಲ್ಲಿ ಕೂತ ಚಿಕ್ಕಪ್ಪ ಮೀಸೆ ತಿರುವುತ್ತಿದ್ದ. ಒಂದೇ ಬೇಜಾರು, ಅವನ ಮಾತಿಗೆ ಬೇರೆ ಯಾರೋ ದನಿ ಕೊಟ್ಟಿದ್ದರು. "ತಮ್ಮಾ, ಹೊಲ ಬಿಡಬೇಡ" ಎನ್ನುವ ಮಾತು ಡ್ರಮ್ಮಿನೊಳಗೆ ಕೂತು ಹೇಳಿದಂತೆ ಗುಡುಗುತ್ತಿತ್ತು. ನಮ್ಮ ಚಿಕ್ಕಪ್ಪನ ದನಿ ಸಣ್ಣದು, ಸ್ವಲ್ಪ ಮೂಗಿನಲ್ಲಿ ಬರುತ್ತಿತ್ತು. ಆದರೂ ಊರಲ್ಲಿ ಅವನು ಹೀರೋನ ಅಣ್ಣನೇ ಆಗಿಬಿಟ್ಟ. ಟೀ ಅಂಗಡಿಯಲ್ಲಿ "ಬಾ ಗುರು, ಆ ಬೆರಳಿಂದು ಹೇಳು" ಅಂತ ಕೂರಿಸಿಕೊಳ್ಳುತ್ತಿದ್ದರು. ಅವನು ಹೇಳುತ್ತಾ ಹೇಳುತ್ತಾ ಇರುವೆ ಕಟ್ಟಿರುವೆಯಾಯಿತು, ಕಟ್ಟಿರುವೆ ಜೇನಾಯಿತು, ನನ್ನ ಮದುವೆಯ ಹೊತ್ತಿಗೆ ಚೇಳಾಗಿತ್ತು.

ಊರೆಲ್ಲ ನೋಡಿತು, ಹೆಂಡತಿ ನೋಡಲಿಲ್ಲ. ಅಜ್ಜಿ ಹೋದಳು. ಟೆಂಟೂ ಹೋಯಿತು. ಆಮೇಲೆ ಮನೆಗೇ ಟಿವಿ ಬಂತು, ವರ್ಷಕ್ಕೊಂದೆರಡು ಸಲ ಯಾವುದಾದರೂ ಮಧ್ಯಾಹ್ನ ಆ ಸಿನಿಮಾ ಬರುತ್ತಿತ್ತು. ಬಂತೆಂದರೆ ಚಿಕ್ಕಪ್ಪ ನಡುಮನೆಯಿಂದ ಕೂಗುತ್ತಿದ್ದ. "ಸರೋಜಾ, ಬಾರೇ, ಚಟ್ಟ ಬರೋಕ್ ಮುಂಚೆ ಎದ್ದು ಹೋಗೀಯಂತೆ. ನಾನು ನಗೋದಾದ್ರೂ ನೋಡೇ." ಚಿಕ್ಕಮ್ಮ ಹಸುವಿಗೆ ನೀರಿಡುವ ನೆವ ಮಾಡಿ ಹಿತ್ತಲಿಗೆ ಹೋಗುತ್ತಿದ್ದಳು. ಒಂದು ಸಲ ನಾನೂ ಇದ್ದೆ. ಅವನ ಕಾಟ ತಡೆಯಲಾರದೆ ಬಾಗಿಲಲ್ಲಿ ನಿಂತು, ಟಿವಿಗೆ ಬೆನ್ನು ಹಾಕಿ, "ನೀವಿರೋವರ್ಗೂ ನೋಡಲ್ಲ ಕಣ್ರೀ, ಸುಮ್ನಿರಿ" ಅಂದಳು.

"ನಾನ್ ಹೋದ್ಮೇಲೆ ನೋಡಿ ಯಾರಿಗೇ ಹೇಳ್ತೀಯಾ ಚೆನ್ನಾಗಿತ್ತು ಅಂತ?" ಅಂದ ಚಿಕ್ಕಪ್ಪ.

ನಾವೆಲ್ಲ ನಕ್ಕೆವು. ಅವನೂ ನಕ್ಕ. ಒಬ್ಬ ಮನುಷ್ಯ ಬದುಕಿನಲ್ಲಿ ಒಂದೇ ಒಂದು ಸಲ ದೊಡ್ಡದೊಂದು ಮಾಡಿ, ಅದನ್ನು ತೋರಿಸಬೇಕಾದವಳಿಗೆ ತೋರಿಸಲಾಗದೆ ಅಷ್ಟು ವರ್ಷ ಕಳೆದ ಅನ್ನುವುದು ನಮಗ್ಯಾರಿಗೂ ಹೊಳೆಯಲಿಲ್ಲ. ಅವನಿಗೆ ಊರ ಚಪ್ಪಾಳೆ ಬೇಕಾಗಿರಲಿಲ್ಲ. ಬೇಕಾಗಿದ್ದು ಅವಳ ಬಾಯಿಂದ ಒಂದು ಮಾತು.

ಹೋದ ವರ್ಷ, ಬೆಳಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವನು ಕಟ್ಟೆಯ ಮೇಲೆ ಕೂತ. "ಸ್ವಲ್ಪ ಸುಸ್ತು ಕಣಪ್ಪಾ" ಅಂದನಂತೆ. ಅಷ್ಟೇ. ಸಿನಿಮಾದಲ್ಲಿ ಅವನ ಒಂದು ಸಾವಿಗೆ ಎಷ್ಟು ಹೆಣ ಉರುಳಿದವು! ನಿಜದ ಸಾವಿಗೆ ಯಾರ ಮೇಲೆ ಸೇಡು ತೀರಿಸಿಕೊಳ್ಳುವುದು? ಹೃದಯದ ಮೇಲೋ, ಸೇದಿದ ಬೀಡಿಯ ಮೇಲೋ? ಸುದ್ದಿ ಕೇಳಿ ನೆಲಮಂಗಲದಿಂದ ಬಸ್ಸಿನಲ್ಲಿ ಬರುವಾಗ ನನಗೆ ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸುತ್ತಿತ್ತು. ಚಿಲ್ಲರೆ ಕೊಡದ ಕಂಡಕ್ಟರಿಗೆ ಬೈದೆ. ಅದೇ ನಾನು ತೀರಿಸಿಕೊಂಡ ಸೇಡು.

ಅವತ್ತು ಎಲ್ಲ ಹೆಂಡಂದಿರ ಹಾಗೆ ಚಿಕ್ಕಮ್ಮ ತಲೆಯ ಹತ್ತಿರ ಕೂರಲಿಲ್ಲ. ಕಾಲ ಹತ್ತಿರ ಕೂತಳು. ಅಳಲೂ ಇಲ್ಲ, ಪಾದವನ್ನೇ ನೋಡುತ್ತಿದ್ದಳು. ಊರ ಹಿರಿಯರೊಬ್ಬರು ದಾರ ತಂದು ಬೆರಳು ಕಟ್ಟಲು ಬಗ್ಗಿದಾಗ ಎರಡೂ ಪಾದ ತಬ್ಬಿಕೊಂಡು "ಬೇಡ, ಬೇಡ, ಬೆರಳು ಕಟ್ಬೇಡಿ" ಎಂದು ಕಿರುಚಿದಳು. ಹೆಂಗಸರು ಅವಳ ಕೈ ಬಿಡಿಸಿ ಪಕ್ಕಕ್ಕೆ ಕೂರಿಸಿದರು. "ದುಃಖ ತಲೆಗೇರೈತೆ, ಪಾಪ" ಅಂದರು. ನಾನೂ ಹಾಗೇ ಅಂದುಕೊಂಡು ಅವಳ ಬೆನ್ನು ಸವರುತ್ತಾ ಕೂತಿದ್ದೆ.

ಈಗ ಅಡುಗೆಮನೆಯಲ್ಲಿ ನಿಂತು ಅವಳು ಕೇಳುತ್ತಿದ್ದಳು, ನೋಡಬಹುದಲ್ವಾ ಅಂತ. ತಾಳಿ ಇರುವವರೆಗೆ ಮಾತ್ರ ಆಣೆ. ಈಗ ಕೊರಳು ಬರಿದು. "ನೋಡಬಹುದು ಚಿಕ್ಕಮ್ಮ" ಅಂದೆ.

"ಅವರಿಗಿಷ್ಟ ಆಗಿದ್ದೆಲ್ಲಾ ಇಡ್ಬೇಕಲ್ಲ ಎಡೆಗೆ" ಅಂದಳು, ಪಾಕಕ್ಕೆ ಅಕ್ಕಿ ಹಿಟ್ಟು ಸುರಿಯುತ್ತಾ. "ಕಜ್ಜಾಯ ಇಡ್ತೀನಿ, ಕೋಳಿ ಇಡ್ತೀನಿ. ಅವರು ಬಾಯ್ಬಿಟ್ಟು ಕೇಳಿದ್ದು ಅದೊಂದೇ ಕಣೇ. ಅದನ್ನ ಇಡ್ದೆ ಇದ್ರೆ ಹೆಂಗೆ?"

ಸಂಜೆ ಅಪ್ಪ, ಅಂದರೆ ಚಿಕ್ಕಪ್ಪನ ಅಣ್ಣ, ಎಡೆ ಇಟ್ಟು ಧೂಪ ಹಾಕಿದರು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದು ಚಿಲಕ ಹಾಕಿದೆವು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಒಳಗೆ ಯಾರೂ ಇರಬಾರದು. ಅಪ್ಪ ತೊಟ್ಟಿಯ ಹತ್ತಿರ ಕೈಕಾಲು ತೊಳೆಯಲು ಹೋದರು. ಚಿಕ್ಕಮ್ಮ ಜಗಲಿಯ ಮೇಲೆ ಬಾಗಿಲಿಗೆ ಒರಗಿ ಕೂತು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ನಾನು ಫೋನು ಅವಳ ತೊಡೆಯ ಮೇಲಿಟ್ಟು ಸಿನಿಮಾ ಹಾಕಿದೆ.

ಚಿಕ್ಕಪ್ಪ ಬಂದ. ನೇಗಿಲು ಹೆಗಲ ಮೇಲೆ, ಆ ಮೀಸೆ, ಮೂವತ್ತೂ ದಾಟದ ಮೈ. ತಮ್ಮನ ಕಾಗದ ಬಂತೆಂದು ತಿಳಿದು ನಗುತ್ತಾನೆ. ಚಿಕ್ಕಮ್ಮ "ಅಯ್ಯೋ" ಎಂದು ಬಾಯಿಗೆ ಸೆರಗು ಹಿಡಿದಳು. "ನೋಡೇ, ಹೆಂಗೆ ಹಲ್ ಬಿಡ್ತಾರೆ. ಮದ್ವೇಲೂ ಇಂಗೇ ನಗ್ತಿದ್ರು, ನಮ್ಮಪ್ಪ ಬೈದಿದ್ರು." ಆಮೇಲೆ ಆ ಡ್ರಮ್ಮಿನ ದನಿ ಬಂತು. ಅವಳಿಗೆ ಹೇಗೆ ಹೇಳುವುದು, ಇದು ಚಿಕ್ಕಪ್ಪನ ದನಿಯಲ್ಲ ಅಂತ, ಎಂದು ನಾನು ಒದ್ದಾಡುತ್ತಿದ್ದೆ.

"ಈ ದನಿ ತೆಗ್ದಾಕು" ಅಂದಳು. "ಇದು ನಂಗೆ ಗೊತ್ತು. ಟೆಂಟಿಂದ ದಿನಾ ಸಂಜೆ ನಮ್ಮೂರಿಗೆ ಕೇಳಿಸ್ತಿತ್ತಲ್ಲ. ಅದ್ಕೇ ಧೈರ್ಯವಾಗಿದ್ದೆ, ಅಲ್ಲಿ ಸಾಯ್ತಿರೋನು ಬೇರೆ ಯಾರೋ ಅಂತ."

ದನಿ ತೆಗೆದೆ. ಮಚ್ಚು ಬಂದವು, ರಕ್ತ ಹರಿಯಿತು. ಹೈಸ್ಕೂಲು ಹುಡುಗಿಯಾಗಿ ಶಿಳ್ಳೆ ಹಾಕಿಕೊಂಡು ನೋಡಿದ ಆ ಕೊಲೆಯನ್ನು ನಾನು ಈಗ ನೋಡಲಾರದೆ ಅಂಗಳದ ಕಡೆ ತಿರುಗಿದೆ. ಚಿಕ್ಕಮ್ಮ ತಿರುಗಲಿಲ್ಲ. "ಪಾಕ ತೆಳ್ಳಗಾಗೈತೆ" ಅಂದಳು, ಮೆಲ್ಲಗೆ. ಚಟ್ಟ ಬಂತು. ಹೀರೋ ಸದ್ದಿಲ್ಲದೆ ಬಾಯಿ ಬಡಿದುಕೊಳ್ಳುತ್ತಿದ್ದ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಫೋನನ್ನು ಕಣ್ಣ ಹತ್ತಿರ ತಂದುಕೊಂಡಳು.

ಬೆರಳು ಆಡಿತು, ಎರಡು ಸಲ.

"ಇನ್ನೊಂದ್ಸಲ ಹಾಕು."

ಹಾಕಿದೆ. ಮತ್ತೆ ಹಾಕಿದೆ. ಅವಳು ತೆರೆಯ ಮೇಲಿನ ಆ ಪುಟ್ಟ ಪಾದದ ಮೇಲೆ ಬೆರಳಿಟ್ಟಳು, ಸಿನಿಮಾ ನಿಂತುಹೋಯಿತು. "ನಿಜವೇ ಕಣೇ. ಇಷ್ಟು ವರ್ಷ ಬುರುಡೆ ಬಿಡ್ತಾರೆ ಅಂತಿದ್ದೆ" ಅಂದಳು. ಪಾದದ ಮೇಲಿನ ಬೆರಳು ತೆಗೆಯದೆಯೇ ಮುಂದುವರಿಸಿದಳು, "ಅವತ್ತು ಅತ್ತೆ ಕಟ್ಟೋಕೆ ಬಿಡ್ಲಿಲ್ಲ. ದಾರ ಕಿತ್ಕೊಂಡು ಮಗನ್ನ ವಾಪಸ್ ಕರ್ಕೊಂಡು ಬಂದ್ರು. ನನ್ ಕೈಲಿ ಅಷ್ಟೂ ಆಗ್ಲಿಲ್ವಲ್ಲೇ."

ಕಾಲ ಹತ್ತಿರ ಯಾಕೆ ಕೂತಿದ್ದಳು, ಯಾಕೆ ಕಿರುಚಿದಳು ಅನ್ನುವುದು ನನಗೆ ತಿಳಿದದ್ದು ಆ ಜಗಲಿಯ ಮೇಲೆ. ಆ ಬೆರಳು ಆಡುವುದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿ ನಕ್ಕವಳು ನಾನು. ಅವಳು ಬುರುಡೆ ಅನ್ನುತ್ತಲೇ, ನೋಡದೆಯೇ ಒಳಗೊಳಗೆ ನಂಬಿ, ಆ ಬೆರಳು ಇನ್ನೊಂದು ಸಲ ಆಡುತ್ತದೆಯೆಂದು ಕಾದು ಕೂತಿದ್ದಳು.

ಅಪ್ಪ ಬಂದು "ಹೊತ್ತಾಯ್ತು, ಬಾಗಿಲು ತೆಗೀರಮ್ಮ" ಅಂದರು. ಬಾಗಿಲು ತೆಗೆಯುವ ಮುಂಚೆ ತಟ್ಟಬೇಕು, ಉಣ್ಣುತ್ತಿರುವವರಿಗೆ ನಾವು ಬರುತ್ತಿದ್ದೇವೆಂದು ತಿಳಿಯಲಿ ಅಂತ. ಚಿಕ್ಕಮ್ಮ ಎದ್ದು ನಿಂತು ಮೂರು ಸಲ ತಟ್ಟಿದಳು. ಆದರೆ ಚಿಲಕ ತೆಗೆಯಲಿಲ್ಲ. ಒಳಗಿಂದ ಕಜ್ಜಾಯದ ವಾಸನೆ, ಬೆಲ್ಲ, ಏಲಕ್ಕಿ. ಇನ್ನು ಮೇಲೆ ಆ ವಾಸನೆ ಬಂದಾಗ ನನಗೆ ಮಚ್ಚು ನೆನಪಾಗಲಾರದು.

ಅವಳು ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದಳು, "ನೋಡ್ದೆ ಕಣ್ರೀ. ಚೆನ್ನಾಗಿ ಮಾಡಿದ್ದೀರಾ."

ಒಂದು ಗಳಿಗೆ ಕಿವಿಯಿಟ್ಟು ನಿಂತಳು. ಆಮೇಲೆ ಚಿಲಕ ತೆಗೆದಳು.